ಟಾಕಿ ಹಿಂದ ಒಣಗ್ಲಿಕತ್ತಿದ್ದ ಚಾದರ

ಆವತ್ತು ಮುಂಜಾನಿ ಐದೂವರಿಗೆ ನಳ ಬಂದದಂತ ಮೋಟಾರ್ ಹಚ್ಚಲಿಕ್ಕ ಎದ್ದಿದ್ದೆ. ಟಾಕಿ ಎಷ್ಟು ತುಂಬ್ಯದ ನೋಡೋಣಂತ ಮಾಳಿಗಿ ಹತ್ತಿದ್ರ, ಟಾಕಿ ಹಿಂದ, ರಸ್ತಾದಿಂದ ಯಾರಿಗೂ ಕಾಣದ ಕಡಿ, ಒಂದು ಚಾದರ ಒಣಗ್ಲಿಕತ್ತಿತ್ತು, ಬಾಜೂಕ ನಮ್ಮ ದೊಡ್ಡ ಮಗನ ಚಡ್ಡಿ. ಎರಡೂ ಬರೇ ನೀರಾಗ ಹಿಂಡಿದ್ದು, ಸಾಬಾನ ಹಚ್ಚಿರಲಿಲ್ಲ, ವಾಸನಿ ಹಾಂಗೇ ಇತ್ತು. ಗಾಳಿಗೆ ಹಾರಬಾರದಂತ ನಾಲ್ಕೂ ಮೂಲಿಗೆ ಒಂದೊಂದು ಕಲ್ಲಿನ ಚೂರು ಇಟ್ಟಿದ್ದ. ಒಂಬತ್ತು ವರ್ಷದ ಹುಡುಗ, ನಾಲ್ಕನೇ ಕ್ಲಾಸ್, ಕತ್ತಲ್ಯಾಗ ಒಬ್ಬನೇ ಪಾವಟಿಗಿ ಹತ್ತಲಿಕ್ಕ ಅಂಜೋ ಹುಡುಗ. ಮೂರು ವರ್ಷ ತುಂಬಿದಾಗಿನಿಂದ ಒಂದು ದಿನಾನೂ ಹಾಸಿಗಿ ಒದ್ದಿ ಮಾಡಿದಾವ ಅಲ್ಲ.

ನಾ ಏನ್ ಮಾಡಿದೆ ಅಂದ್ರ, ಆ ಚಾದರ ಕೆಳಗ ತಂದು ಸಾಬಾನ ಹಚ್ಚಿ ತೊಳದು, ತಿರುಗಿ ಒಯ್ದು ಅದೇ ಟಾಕಿ ಹಿಂದ ಹಾಕಿದೆ. ಮುಂದಿನ ತಂತಿ ಮ್ಯಾಲ ಹಾಕ್ಲಿಲ್ಲ. ಬಾಜೂ ಮನಿಯವರು ನೋಡಿ ಏನ್ರಿ ಇಷ್ಟ್ ಮುಂಜಾನೆದ್ದು ಚಾದರ ತೊಳದೀರಲ್ಲಾ ಅಂದ್ರ ಏನ್ ಹೇಳೋದು ಅಂತ. ಮಗ ನನ್ನಿಂದ ಮುಚ್ಚಿಟ್ಟಿದ್ದ, ನಾ ಓಣಿಯಿಂದ ಮುಚ್ಚಿಟ್ಟೆ. ಎರಡು ವರ್ಷ ಆಯ್ತು, ನನಗ ಇವತ್ತಿಗೂ ಕಾಡೋದು ಆ ಚಾದರ ಒದ್ದಿ ಆಗಿದ್ದಲ್ಲ, ಅದನ್ನ ನಾ ಮತ್ತ ಅಲ್ಲೇ ಹಾಕಿದ್ದು. ಯಾಕಂದ್ರ ಅಲ್ಲಿಂದ ದವಾಖಾನಿ ಮೆಟ್ಟಲ ಹತ್ತಲಿಕ್ಕ ನಮಗ ಹನ್ನೊಂದು ದಿನ ಹಿಡೀತು.

ಬ್ಯಾಸಗ್ಯಾಗ ನೀರಡಿಕಿ ಆಗದೇ ಇರ್ತದೇನು

ಈಗ ಹಿಂದ ತಿರುಗಿ ನೋಡಿದ್ರ ಎಲ್ಲಾ ಕಾಣ್ತದ. ಹೋಳಿ ಆಗಿ ಐದನೇ ದಿನಕ್ಕ ಶರಣಬಸವೇಶ್ವರ ಜಾತ್ರಿ, ತೇರು ನೋಡ್ಲಿಕ್ಕ ಹೋದಾಗ ಅಂವ ಒಂದರ ಹಿಂದ ಒಂದು ಮೂರು ಗ್ಲಾಸ್ ಕಬ್ಬಿನ ಹಾಲು ಕುಡದ, ಮತ್ತ ನೀರಿನ ಬಾಟ್ಲಿ ಬೇಕಂದ, ಮನಿ ಮುಟ್ಟೋದ್ರಾಗ ಎರಡು ಕಡಿ ಒಂದಕ್ಕ ನಿಲ್ಲಿಸಿದ. ಜಾತ್ರ್ಯಾಗ ಧೂಳು, ಬಿಸಲು, ಮಂದಿ, ಯಾರಿಗರೆ ನೀರಡಿಕಿ ಆಗ್ತದ ಅಂದ್ಕೊಂಡ್ವಿ. ಮುಂದ ಪರೀಕ್ಷಾ ಬಂತು, ಸಾಲಿಯಿಂದ ಬಂದು ಯೂನಿಫಾರ್ಮ್ ಮ್ಯಾಲೇ ಮಲಗಿ ಬಿಡ್ತಿದ್ದ, ಓದಿ ದಣದಾನ ಅಂದ್ವಿ. ಚಡ್ಡಿ ಸೊಂಟದಾಗ ನಿಲ್ಲವಲ್ದು, ಎತ್ತರ ಬೆಳೀಲಿಕತ್ತಾನ ಅದಕ್ಕ ಮೈ ಇಳದದ ಅಂತ ಅತ್ತಿ ಅಂದ್ರು, ನಾನೂ ಹೂಂ ಅಂದೆ. ಏಪ್ರಿಲ್ ಅಂದ್ರ ನಮ್ಮ ಕಲಬುರಗ್ಯಾಗ 40 ಡಿಗ್ರಿ ದಾಟಿರ್ತದ, ಸರಕಾರಿ ಆಫೀಸ್ ಟೈಮಿಂಗ್ ಸೈತ ಬದಲ್ ಮಾಡಿ ಮಧ್ಯಾಹ್ನಕ್ಕೇ ಬಿಡೋ ಊರಿದು, ಇಂಥಾ ಝಳದಾಗ ಒಂದು ಕೂಸು ನೀರು ಜಾಸ್ತಿ ಕುಡೀತದ ಅಂದ್ರ ಯಾರು ಲಕ್ಷ್ಯ ಕೊಡ್ತಾರ. ಅಂವಗ ಬಂದಿದ್ದ ರೋಗಕ್ಕ ಅಡಗಲಿಕ್ಕ ನಮ್ಮ ಬ್ಯಾಸಗಿ ಭಾಳ ಛಲೋ ಜಾಗಾ ಕೊಡ್ತದ ನೋಡ್ರಿ, ಎಲ್ಲಾ ಲಕ್ಷಣಕ್ಕೂ ಬಿಸಲಿನ ಹೆಸರು ಹೇಳಿ ಮುಗಿಸಿ ಬಿಡಬಹುದು.

ಹಾಸಿಗಿ ವಿಷಯ ಮನ್ಯಾಗ ಗೊತ್ತಾದ ಮ್ಯಾಲ ಒಬ್ಬೊಬ್ಬರದು ಒಂದೊಂದು. ಅತ್ತಿ ದೃಷ್ಟಿ ತಗದ್ರು. ನಮ್ಮ ನಾದಿನಿ ಫೋನ್‌ದಾಗ, ಎಳ್ಳು ಬೆಲ್ಲ ಕುಟ್ಟಿ ದಿನಾ ಒಂದು ಉಂಡಿ ಕೊಡು ವೈನಿ, ನಮ್ಮ ಓಣ್ಯಾಗ ಒಬ್ಬಾಕಿ ಮಗ ಅದರಿಂದನೇ ಆರಾಮ ಆಗ್ಯಾನ ಅಂದ್ಲು, ಕೊಟ್ಟೆ. ಕೂಸು ಸೊರಗ್ಯದ ಅಂತ ನಮ್ಮವರು ಗ್ಲೂಕೋಸ್ ಪುಡಿ ತಂದ್ರು, ಅದನ್ನೂ ದಿನಕ್ಕ ಎರಡು ಸಲ ಕಲಸಿ ಕೊಟ್ಟೆ. ಮತ್ತ ಎಲ್ಲಾರೂ ಕೂಡಿ ಒಂದು ಕಾಯಿದೆ ಮಾಡಿದ್ವಿ, ರಾತ್ರಿ ಏಳರ ಮ್ಯಾಲ ಅಂವಗ ನೀರು ಬಂದ್.

ಆ ಕಾಯಿದೆ ಮಾಡಿದ ಮೂರನೇ ರಾತ್ರಿ ಇರಬೇಕು. ಕರೆಂಟ್ ಹೋಗಿ ಎಚ್ಚರಾಯ್ತು. ಬಚ್ಚಲದಾಗ ಸಪ್ಪಳ ಕೇಳಿ ಹೋಗಿ ಟಾರ್ಚ್ ಹಾಕಿದ್ರ, ನನ್ನ ಮಗ ಕುಕ್ಕರಗಾಲ್ಲೆ ಕುಂತು ಮೈ ತೊಳಿಯೋ ಬಕೇಟಿನ್ಯಾಗಿನ ನೀರು ಜಗ್ಗಿನಿಂದ ಗಟಗಟ ಕುಡೀಲಿಕತ್ತಾನ. ಬೆಳಕು ಬಿದ್ದ ಕೂಡ್ಲೆ ಜಗ್ಗು ಬಿಟ್ಟು ಎರಡೂ ಕೈ ತಲಿ ಮ್ಯಾಲ ಇಟ್ಕೊಂಡ, ಹೊಡೀತೀನಂತ. ನಾ ಎಂದೂ ಅವನಿಗೆ ಹೊಡದಾಕಿ ಅಲ್ಲ. "ಮಮ್ಮಿ ಬಾಯಿ ಒಣಗ್ಯದ, ಬಾಳ ಒಣಗ್ಯದ" ಅಂದ. ನಾಲಗಿ ಬೆಳ್ಳಗ, ತುಟಿ ಸಿಪ್ಪಿ ಎದ್ದಿದ್ವು. ಅಡಗಿಮನಿಗೆ ಕರ್ಕೊಂಡು ಹೋಗಿ ಹರವಿ ನೀರು ಕೊಟ್ಟೆ, ನಾಲ್ಕು ಗ್ಲಾಸ್ ಕುಡದ, ಐದನೇದು ಕೇಳಿದ. ನಸುಕಿನ್ಯಾಗ ಹೊಟ್ಟಿ ನೋಯ್ತದ ಅಂತ ಅಳಲಿಕ್ಕ ಶುರು ಮಾಡಿದ. ಆಗ ನನ್ನ ಎದಿಯಾಗ ಏನೋ ಝಲ್ ಅಂತು, ಇದು ದೃಷ್ಟಿ ಅಲ್ಲ, ಥಂಡಿ ಅಲ್ಲ, ಇದು ಬ್ಯಾರೆ ಏನೋ ಅದ.

ಒಂದು ಹನಿ ರಕ್ತ

ಮಕ್ಕಳ ಡಾಕ್ಟರ್ ಹೆಣ್ಮಗಳು, ವಯಸ್ಸಾದಾಕಿ. ನಾ ಹಾಸಿಗಿ ವಿಷಯ ಸಣ್ಣ ದನಿಯಾಗ ಹೇಳಲಿಕ್ಕ ಶುರು ಮಾಡಿದ್ದೆ, ಅಕಿ ನಡುವೇ ನಿಲ್ಲಿಸಿ ಕೇಳಿದ್ದು ಎರಡೇ. ಮೊದಲ ಒಣಾ ಇರ್ತಿದ್ದನೇನು? ನೀರು ಎಷ್ಟು ಕುಡೀತಾನ? ಮತ್ತ ತೂಕ ಹಾಕಿದ್ರು, ಸಾಲಿ ಕಾರ್ಡಿನ್ಯಾಗ 28 ಕೆಜಿ ಇದ್ದಾವ 23 ಆಗಿದ್ದ. ಅಲ್ಲೇ ಬೆರಳು ಚುಚ್ಚಿ ಒಂದು ಹನಿ ರಕ್ತ ಪಟ್ಟಿಗೆ ಹಚ್ಚಿದ್ರು, ಮಷಿನ್ನು 438 ತೋರಿಸ್ತು. ಮೇಡಮ್ಮರ, ಅಂವ ಮುಂಜಾನಿ ಚಹಾ ಬಿಸ್ಕೀಟು ತಿಂದಾನ, ನಾಳಿ ಖಾಲಿ ಹೊಟ್ಟೀಲೆ ಕರ್ಕೊಂಡು ಬರ್ಲೇನು ಅಂತ ನಾ ಕೇಳಿದೆ. ಅಕಿ ನನ್ನ ಕೈ ಹಿಡದು, "ಯವ್ವಾ, ಇಂಥಾ ಕೂಸಿಗೆ ಖಾಲಿ ಹೊಟ್ಟಿ ಕಾಯಬಾರದು. ಲಕ್ಷಣ ಇದ್ದು ಯಾವಾಗ ನೋಡಿದ್ರೂ 200ರ ಮ್ಯಾಲ ಇತ್ತಂದ್ರ ಅದು ಶುಗರೇ. ನಾಳಿ ತನಕ ಕಾಯೋ ಕೆಲಸ ಅಲ್ಲಿದು" ಅಂದ್ರು. ಉಚ್ಚಿ ಟೆಸ್ಟ್ ಮಾಡಿದ್ರು, ಅದರಾಗ ಕೀಟೋನ್ ಅನ್ನೋ ಆಮ್ಲ ಬಂದಿತ್ತು. ಆವತ್ತೇ ಅಡ್ಮಿಟ್, ಸಲಾಯಿನ್, ಇನ್ಸುಲಿನ್, ಐದು ದಿನ.

ಒಂಬತ್ತು ವರ್ಷಕ್ಕ ಶುಗರಾ? ಇದು ನಮ್ಮ ಮುತ್ಯಾಗ ಬರೋ ರೋಗ ಅಲ್ಲೇನು? ಜಾತ್ರ್ಯಾಗ ಬೆಂಡು ಬತ್ತಾಸು ತಿಂದದ್ದಕ್ಕ ಬಂತೇನು ಅಂತ ಅತ್ತಿ ವಾರ್ಡಿನ್ಯಾಗ ಕುಂತು ಅತ್ತಿದ್ದು ಅಷ್ಟಿಷ್ಟಲ್ಲ. ಡಾಕ್ಟರ್ ಒಂದು ಹಾಳಿ ಮ್ಯಾಲ ಚಿತ್ರ ತಗದು ತಿಳಿಸಿದ್ರು, ನಾನು ಇವತ್ತಿಗೂ ಯಾರರೆ ಕೇಳಿದ್ರ ಹಾಂಗೇ ಹೇಳ್ತೀನಿ. ಮುತ್ಯಾನ ಶುಗರ್ ಬ್ಯಾರೆ, ಇದು ಟೈಪ್ 1. ಹೊಟ್ಟಿ ಒಳಗ ಪ್ಯಾಂಕ್ರಿಯಾಸ್ ಅಂತ ಗ್ರಂಥಿ ಇರ್ತದ, ಅದರಾಗಿನ ಬೀಟಾ ಜೀವಕೋಶ ಇನ್ಸುಲಿನ್ ಮಾಡ್ತಾವ, ಮೈ ಕಾಯೋ ಶಕ್ತಿನೇ ತಪ್ಪಿ ಆ ಜೀವಕೋಶಗಳ ಮ್ಯಾಲ ಬಿದ್ದು ಅವನ್ನ ನಾಶ ಮಾಡ್ತದ. ಸಿಹಿ ತಿಂದದ್ದಕ್ಕ ಬರಲ್ಲ, ತಾಯಿ ತಂದಿ ಏನೋ ತಪ್ಪು ಮಾಡ್ಯಾರಂತ ಬರಲ್ಲ. ಇನ್ಸುಲಿನ್ ಇಲ್ಲಂದ್ರ ಸಕ್ಕರಿ ರಕ್ತದಾಗೇ ಕೂಡ್ತಾ ಹೋಗ್ತದ, ಸುಮಾರು 180 ದಾಟಿದ ಮ್ಯಾಲ ಕಿಡ್ನಿ ಅದನ್ನ ತಡೀಲಾರದೆ ಉಚ್ಚಿಯೊಳಗ ಬಿಡ್ತದ, ಆ ಸಕ್ಕರಿ ಹೋಗ್ತಾ ತನ್ನ ಜೋಡಿ ಮೈಯಾಗಿನ ನೀರನ್ನೂ ಎಳಕೊಂಡು ಹೋಗ್ತದ. ನಾವು ಅಂದ್ಕೊಂಡಿದ್ದು ನೀರು ಜಾಸ್ತಿ ಕುಡೀತಾನ, ಅದಕ್ಕ ಹಾಸಿಗ್ಯಾಗ ಆಗ್ತದ ಅಂತ. ಖರೆ ಉಲ್ಟಾ ಇತ್ತು. ಮೈಯಾಗಿನ ನೀರು ಹೊರಗ ಹೋಗ್ಲಿಕತ್ತಿತ್ತು, ಅದನ್ನ ತುಂಬಿಕೊಳ್ಳಲಿಕ್ಕ ಕೂಸು ಕುಡೀಲಿಕತ್ತಿತ್ತು. ಅಂಥಾ ಕೂಸಿಗೆ ನಾವು ಏಳರ ಮ್ಯಾಲ ನೀರು ಬಂದ್ ಮಾಡಿದ್ವಿ. ಈ ಮಾತು ಬರೀವಾಗ ನನ್ನ ಕೈ ನಿಲ್ತದ, ಆದ್ರೂ ಬರೀತೀನಿ, ಯಾಕಂದ್ರ ಈಗೂ ಯಾವುದೋ ಮನ್ಯಾಗ ಇದೇ ಕಾಯಿದೆ ನಡದಿರಬಹುದು.

ಬಚ್ಚಲದಾಗ ಇರುವಿ ಭಾಳ ಆಗ್ಯಾವ ಅಂತ ಅದೇ ವಾರ ಅತ್ತಿ ಎರಡು ಸಲ ಅಂದಿದ್ರು, ಅರಿಶಿಣ ಸೈತ ಹಾಕಿದ್ರು. ನಮ್ಮ ಹಳೇ ವೈದ್ಯರು ಉಚ್ಚಿಗೆ ಇರುವಿ ಮುತ್ತೋದನ್ನ ನೋಡೇ ಮಧುಮೇಹ ಅಂತ ಹೆಸರಿಟ್ಟ ರೋಗ ಇದು, ನಮ್ಮ ಬಚ್ಚಲದಾಗೇ ಬರದಿಟ್ಟಿತ್ತು.

ಇನ್ನೆರಡು ದಿನ ಬಿಟ್ಟಿದ್ರ ಏನಾಗ್ತಿತ್ತು ಅಂತ ಕೇಳಿದೆ. ಸಕ್ಕರಿ ಉಪಯೋಗ ಆಗದಾಗ ಮೈ ಕೊಬ್ಬು ಸುಡ್ತದ, ಅದರಿಂದ ಕೀಟೋನ್ ಅನ್ನೋ ಆಮ್ಲ ಕೂಡ್ತದ, ವಾಂತಿ, ಹೊಟ್ಟಿ ನೋವು, ಉಸಿರು ಆಳಕ್ಕ ಜೋರಾಗಿ ಬರೋದು, ಬಾಯಿ ಕಳತ ಹಣ್ಣಿನ ವಾಸನಿ ಹೊಡಿಯೋದು, ಆಮ್ಯಾಲ ಮಂಕು, ಎಚ್ಚರ ತಪ್ಪೋದು. ಬ್ಯಾಸಗ್ಯಾಗ ಇಂಥಾ ಮಕ್ಕಳನ್ನ ಬಿಸಲು ಬಡದದ, ಫುಡ್ ಪಾಯಿಸನ್ ಆಗ್ಯದ ಅಂತ ತಿಳ್ಕೊಂಡು ಮನ್ಯಾಗೇ ಇಟ್ಕೊಂಡು ಕುಂದರ್ತಾರ, ಅಲ್ಲೇ ತಡ ಆಗೋದು ಅಂದ್ರು. 1922ರ ಜನವರಿಗಿಂತ ಮೊದಲ ಈ ರೋಗ ಬಂದ ಮಕ್ಕಳು ಉಳೀತಿದ್ದಿಲ್ಲ. ಆ ತಿಂಗಳು ಕೆನಡಾದ ಟೊರೊಂಟೊದಾಗ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದ್ರು. ಆ ಐದು ರಾತ್ರಿ ವಾರ್ಡಿನ್ಯಾಗ ನಿದ್ದಿ ಇಲ್ಲದೆ ಕುಂತಾಗ ಮೊಬೈಲಿನ್ಯಾಗ ಓದಿದ್ದಿದು. ಆ ಹುಡುಗನ ತಾಯಿ ಹ್ಯಾಂಗ ಕುಂತಿದ್ದಳೋ ಅಂತ ಅನಿಸ್ತು.

ಈಗ ನನ್ನ ಮಗ ದಿನಕ್ಕ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ತಾನ, ಎರಡು ಸಲ ತಾನೇ. ಜೋಳದ ರೊಟ್ಟಿ ಎಣಿಸಿ ತಿಂತಾನ, ಸಾಲಿ ಚೀಲದಾಗ ಒಂದು ಸಕ್ಕರಿ ಪುಡಕಿ ಖಾಯಂ, ಶುಗರ್ ಇಳದ್ರ ತಿನ್ನಲಿಕ್ಕ. ಫ್ರಿಜ್ ಅದ, ಆದ್ರ ಏಪ್ರಿಲ್-ಮೇದಾಗ ಕರೆಂಟಿನ ನೆಚ್ಚಿಗಿ ಇಲ್ಲ, ಅದಕ್ಕ ಅತ್ತಿ ಒಂದು ದೊಡ್ಡ ಗಡಗಿಯೊಳಗ ಸಣ್ಣ ಗಡಗಿ ಇಟ್ಟು ನಡುವ ಉಸುಕು ತುಂಬಿ ನೀರು ಹಾಕಿ ಇಟ್ಟಾರ, ನಡೀಲಿಕತ್ತಿದ್ದ ಇನ್ಸುಲಿನ್ ಅದರೊಳಗ ಇರ್ತದ. ಉಸುಕು ಒಣಗಲಾರದಂಗ ನೋಡೋದು ಅವರ ಕೆಲಸ, ಮುಂಜಾನಿ ಪೂಜಾಕ್ಕಿಂತ ಮೊದಲ ಅದು.

ಎಲ್ಲಾ ಒದ್ದಿ ಹಾಸಿಗಿ ಒಂದೇ ಅಲ್ಲ

ಇದನ್ನ ಓದಿ ನಿಮ್ಮ ಕೂಸಿಗೂ ಶುಗರೇ ಅದ ಅಂತ ಅಂಜಬ್ಯಾಡ್ರಿ. ಐದು ವರ್ಷದ ಒಳಗ ಹಾಸಿಗಿ ಒದ್ದಿ ಆಗೋದು ರೋಗನೇ ಅಲ್ಲ. ಐದು ವರ್ಷದ 100 ಮಕ್ಕಳೊಳಗ ಸುಮಾರು 15 ಮಕ್ಕಳಿಗೆ ರಾತ್ರಿ ಆಗ್ತಿರ್ತದ, ಬೆಳದಂಗ ತಾನೇ ನಿಲ್ತದ, ತಂದಿಗೋ ತಾಯಿಗೋ ಸಣ್ಣವರಿದ್ದಾಗ ಹಾಂಗಿದ್ರ ಮಕ್ಕಳಿಗೂ ಇರಬಹುದು. ಹುಟ್ಟಿದಾಗಿನಿಂದ ಒಣಾ ಆಗದೇ ಇರೋ ಕೂಸಿನ ಕಥಿ ಅದು. ನಾ ಹೇಳ್ಲಿಕತ್ತಿದ್ದು, ಆರು ತಿಂಗಳಾದ್ರೂ ಪೂರಾ ಒಣಾ ಇದ್ದು, ದೊಡ್ಡವನಾಗಿ, ಒಮ್ಮಿಂದೊಮ್ಮೆ ಮತ್ತ ಶುರು ಆದ ಕೂಸಿನದು. ಒಂದು ದಿನ ಭಾಳ ದಣದು ಮಲಗಿ ಆಗಿದ್ದಿದ್ರ ಬಿಡ್ರಿ. ನಾಲ್ಕು ದಿನ ಆಯ್ತು, ವಾರ ಆಯ್ತು ಅಂದ್ರ ತೋರಿಸ್ಲೇಬೇಕು. ಜೋಡಿ ನೀರಡಿಕಿ, ತೂಕ ಇಳಿಯೋದು, ದಣಿವು ಇದ್ರ ವಾರನೂ ಬ್ಯಾಡ, ಆವತ್ತೇ ಹೋಗಿ ಬೆರಳು ಚುಚ್ಚಿಸ್ರಿ. ವಾಂತಿ, ಜೋರು ಉಸಿರು, ಮಂಕು ಇದ್ರ ರಾತ್ರಿ ಎರಡಾಗಿದ್ರೂ ದೊಡ್ಡ ದವಾಖಾನಿಗೇ ನಡೀರಿ.

ಶುಗರ್ ಅಲ್ಲಂದ್ರ ಏನಿರಬಹುದು ಅಂತ ನಾ ಡಾಕ್ಟರಿಗೆ ಆಮ್ಯಾಲ ಸಾವಕಾಶ ಕೇಳೀನಿ. ಭಾಳ ಸಲ ಇರೋದು ಮಲಬದ್ಧತೆಯಂತ, ಇದು ನನಗ ಗೊತ್ತೇ ಇರಲಿಲ್ಲ. ಕರಳಿನ್ಯಾಗ ಗಟ್ಟಿ ಮಲ ತುಂಬಿಕೊಂಡು ಉಚ್ಚಿ ಚೀಲದ ಮ್ಯಾಲ ಒತ್ತತದ, ಚೀಲ ತುಂಬೋ ಮೊದಲೇ ಖಾಲಿ ಆಗ್ತದ. ಮಕ್ಕಳು ಎರಡಕ್ಕ ದಿನಾ ಹೋಗ್ತಾವೋ ಇಲ್ಲೋ ಅಂತ ಐದು ವರ್ಷ ದಾಟಿದ ಮ್ಯಾಲ ಯಾವ ತಾಯಿ ನೋಡ್ತಾಳ ಹೇಳ್ರಿ. ಇನ್ನೊಂದು ಉಚ್ಚಿ ದಾರಿ ಇನ್ಫೆಕ್ಷನ್, ಹೆಣ್ಮಕ್ಕಳಿಗೆ ಜಾಸ್ತಿ, ಉರಿ, ಪದೇಪದೇ ಹೋಗೋದು, ವಾಸನಿ, ಕೆಲವು ಸಲ ಜ್ವರ. ಗಂಟಲಾಗಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಗಂಟು ದೊಡ್ಡವಾಗಿ ರಾತ್ರಿ ಗೊರಕಿ ಹೊಡದು ಉಸಿರು ಕಟ್ಟಿ ಮಲಗೋ ಮಕ್ಕಳಿಗೂ ಹೀಂಗ ಆಗ್ತದ. ಕೆಲವೊಮ್ಮೆ ಬೆನ್ನು ಹುರಿ ತೊಂದರಿ ಇರ್ತದ, ಹಗಲೂ ಉಚ್ಚಿ ಸೋರೋದು, ಎರಡಕ್ಕ ಚಡ್ಡಿಯಾಗೇ ಆಗೋದು, ಕಾಲಿನ ಶಕ್ತಿ ಕಮ್ಮಿ ಆಗಿ ನಡಿಗಿ ಬದಲಾಗೋದು, ಬೆನ್ನು ನೋವು. ಉಚ್ಚಿ ಕೆಂಪಗ ಬಂದ್ರ, ಮುಖ ಕಾಲು ಬಾತ್ರ ಕಿಡ್ನಿ ನೋಡಬೇಕು. ಇವೆಲ್ಲಾ ಹುಡುಕೋದು ನಮ್ಮ ಕೆಲಸ ಅಲ್ಲ, ಡಾಕ್ಟರಂದು, ಮೊದಲಿನ ಟೆಸ್ಟುಗಳಂತೂ ಒಂದು ಹನಿ ರಕ್ತ, ಒಂದು ಡಬ್ಬಿ ಉಚ್ಚಿ, ಅಷ್ಟೇ. ಔಷಧ ಅಂಗಡ್ಯಾಗ ಕೇಳಿ ಗುಳಿಗಿ ತಂದು ಕೊಡೋದು ಮಾತ್ರ ಬ್ಯಾಡ್ರಿ.

ಹಳ್ಳಕ್ಕ ಕೌದಿ ಹೊತ್ತ ಹುಡುಗ

ಮತ್ತ ಮೈಯಾಗ ಏನೂ ಇರದೇ ಆಗೋದೂ ಅದ. ಇದಕ್ಕ ನನಗ ಆಳಂದ ತಾಲೂಕಿನ ನಮ್ಮೂರು ನೆನಪಾಗ್ತದ, ನಮ್ಮ ಕಾಕಾನ ಮಗ ನೆನಪಾಗ್ತಾನ. ಕಾಕಾ ಕಾಕಿ ದುಡೀಲಿಕ್ಕ ಮುಂಬೈಗೆ ಹೋಗಿದ್ರು, ಇವನ್ನ ಹಾಸ್ಟೆಲಿಗೆ ಹಾಕಿದ್ರು, ಹನ್ನೊಂದು ವರ್ಷ. ಯುಗಾದಿ ಸೂಟಿಗೆ ಆಯಿ ಮನಿಗೆ ಬಂದಾವ ದಿನಾ ರಾತ್ರಿ ಕೌದಿ ಒದ್ದಿ ಮಾಡ್ಲಿಕ್ಕ ಹತ್ತಿದ. ಮೂರು ದಿನ ನೋಡಿ ಆಯಿ, ನಾಚಿಕಿ ಬಂದ್ರನೇ ಬಿಡ್ತಾನ ಅಂತ ಆ ಒದ್ದಿ ಕೌದಿ ಅವನ ತಲಿ ಮ್ಯಾಲ ಹೊರಿಸಿ ಹಳ್ಳಕ್ಕ ಕಳಿಸಿದ್ಲು. ಆಯಿ ಕೆಟ್ಟಾಕಿ ಅಲ್ಲ, ತನ್ನ ತಾಟಿನ್ಯಾಗಿನ ತುಪ್ಪ ಅವನ ತಾಟಿಗೆ ಹಾಕೋ ಜೀವ, ಅಕಿಗೆ ಗೊತ್ತಿದ್ದ ಔಷಧ ಅದೊಂದೇ. ಅಗಸಿ ದಾಟೋವರೆಗೂ ಹುಡುಗ್ರು ಹಿಂದ ಬಿದ್ದು ಕೂಗಿದ್ರು. ನಾನೂ ಆ ಗುಂಪಿನ್ಯಾಗ ಇದ್ದೆ, ಕೂಗಲಿಲ್ಲ, ಆದ್ರ ಅವನ ಬಾಜೂಕೂ ಹೋಗ್ಲಿಲ್ಲ. ಕೌದಿ ನೀರು ಅವನ ಕುತ್ತಿಗಿ ಮ್ಯಾಲಿಂದ ಇಳೀಲಿಕತ್ತಿತ್ತು, ಅಂವ ಒರಸಿಕೊಳ್ಳಲಿಲ್ಲ, ನೆಟ್ಟಗ ನೋಡ್ಕೋತ ನಡದ. ಸೂಟಿ ಮುಗಿದ ಮ್ಯಾಲ ಹಾಸ್ಟೆಲಿಗೆ ಹೋಗಲ್ಲಂದ, ಹೊಡದ್ರೂ ಹೋಗ್ಲಿಲ್ಲ, ಸಾಲಿ ಅಲ್ಲಿಗೇ ಬಿಟ್ಟ. ಉಚ್ಚಿ ಹೊಯ್ಕೊಳ್ಳೋ ದಡ್ಡ ಸಾಲಿನೂ ಬಿಟ್ಟ ಅಂತ ಊರಾಗ ಮಾತಾಯ್ತು.

ನನ್ನ ಮಗ ದವಾಖಾನಿಯಿಂದ ಬಂದ ಮ್ಯಾಲ ಒಂದು ದಿನ ಅವನಿಗೆ ಫೋನ್ ಮಾಡಿದೆ. ಈಗ ಪುಣೆದಾಗ ಸೆಂಟ್ರಿಂಗ್ ಕೆಲಸ, ಎರಡು ಮಕ್ಕಳು. ಅದೂ ಇದೂ ಮಾತಾಡಿ, "ತಮ್ಮಾ, ಆಗ ಹಾಸ್ಟೆಲಿನ್ಯಾಗ ಏನಾಗಿತ್ತೋ?" ಅಂತ ಕೇಳಿದೆ. ಭಾಳ ಹೊತ್ತು ಸುಮ್ಮನಿದ್ದ. ಆಮ್ಯಾಲ, "ದೊಡ್ಡ ಹುಡುಗ್ರು ರಾತ್ರಿ ಹೊಡೀತಿದ್ರಕ್ಕಾ. ಸಂಡಾಸಕ್ಕ ಹೋದ್ರ ಹೊರಗಿನಿಂದ ಕೊಂಡಿ ಹಾಕ್ತಿದ್ರು. ಎದ್ದು ಹೋಗಲಿಕ್ಕೇ ಅಂಜಿಕಿ" ಅಂದ. ಯಾಕ ಹೇಳ್ಲಿಲ್ಲೋ ಅಂದೆ. "ಯಾರು ಕೇಳಿದ್ರು ಅಕ್ಕಾ?" ಅಂದ. ಅಷ್ಟೂ ಮಂದಿ ಮನ್ಯಾಗ, ಕೌದಿ ನೋಡಿದಾವ್ರು ಎಲ್ಲಾರೂ, ಹುಡುಗನ ಮುಖ ನೋಡಿ ಏನಾಗ್ಯದೋ ಅಂತ ಕೇಳಿದಾವ್ರು ಒಬ್ಬರೂ ಇಲ್ಲ.

ಅದಕ್ಕ ಟೆಸ್ಟ್ ಎಲ್ಲಾ ನಾರ್ಮಲ್ ಬಂದ್ರ ಮುಗೀತು ಅಂತ ತಿಳೀಬ್ಯಾಡ್ರಿ, ಮನ್ಯಾಗ ಏನು ಬದಲಾಗ್ಯದ ನೋಡ್ರಿ. ಸಣ್ಣ ಕೂಸು ಹುಟ್ಯದೇನು, ಯಾರರೆ ತೀರಿಕೊಂಡಾರೇನು, ತಂದಿ ತಾಯಿ ಜಗಳ, ಹೊಸಾ ಸಾಲಿ, ಬೆಂಗಳೂರು-ಮುಂಬೈಗೆ ದುಡೀಲಿಕ್ಕ ಹೋದ ತಾಯಿ. ನಮ್ಮ ಕಡಿ ಮಕ್ಕಳನ್ನ ಆಯಿ ಮುತ್ಯಾನ ಹತ್ರ ಬಿಟ್ಟು ಗುಳೆ ಹೋಗೋ ಮನಿ ಎಷ್ಟಿಲ್ಲ. ಒಬ್ಬ ಮನಿಷಾನ್ನ ನೋಡಿದ್ರ ಕೂಸು ಸರದು ಕುಂದರ್ತದಂದ್ರ, ಒಂದು ಮನಿಗೆ ಹೋಗಲ್ಲಂತ ಅಳ್ತದಂದ್ರ, ಅದನ್ನ ಹಟ ಅನ್ನಬ್ಯಾಡ್ರಿ. ಯಾರರೆ ಮೈ ಮುಟ್ಯಾರೇನು ಅಂತ ಕೇಳಲಿಕ್ಕ ನಮಗ ಬಾಯಿ ಬರಲ್ಲ, ಆದ್ರೂ ಕೇಳಬೇಕು, ಜಗ್ಗಿ ಜಗ್ಗಿ ಕೇಳದೆ, ತೊಡಿ ಮ್ಯಾಲ ಮಲಗಿಸಿಕೊಂಡು ಸಾವಕಾಶ. ಮಕ್ಕಳ ಸಹಾಯವಾಣಿ 1098 ಅದ, ಹಗಲು ರಾತ್ರಿ ಎತ್ತತಾರ, ದುಡ್ಡು ಬೀಳಲ್ಲ. ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೋ 2012ರ ಪೋಕ್ಸೋ ಕಾಯಿದೆಯೊಳಗ ಕೂಸಿನ ಹೆಸರು ಹೊರಗ ಬರದಂಗ ಕಾಯೋ ನಿಯಮ ಸೈತ ಅದ, ಮರ್ಯಾದಿ ಹೋಗ್ತದಂತ ಸುಮ್ಮನಾಗೋ ಮನಿಯವರಿಗೆ ಇದು ಗೊತ್ತಿರ್ಲಿ.

ಚಿಲಕ

ಹೋದ ಡಿಸೆಂಬರ್‌ದಾಗ ನಮ್ಮ ಆಫೀಸಿನ ಒಬ್ಬಾಕಿ ಊಟದ ಹೊತ್ತಿನ್ಯಾಗ ಎಲ್ಲಾರೂ ಎದ್ದು ಹೋಗೋ ತನಕ ಡಬ್ಬಿ ಮುಚ್ಚದೆ ಕುಂತಿದ್ಲು. ಆಮ್ಯಾಲ ಹತ್ರ ಸರದು, "ಅಕ್ಕಾ, ನಮ್ಮ ಹುಡುಗಿ ಎಂಟು ವರ್ಷದಾಕಿ, ಹತ್ತು ದಿನ ಆಯ್ತು..." ಅಂತ ಅಂದು ನಿಂತಳು. ಮುಂದಿನ ಮಾತು ನಾನೇ ಹೇಳಿದೆ. ಯಾರಿಗೆ ತೋರಿಸೀರಿ ಅಂದ್ರ ಯಾರಿಗೂ ಇಲ್ಲ, ಚಾದರ ಒಳಗಿನ ಖೋಲ್ಯಾಗ ಫ್ಯಾನ್ ಕೆಳಗ ಒಣಗಿಸ್ತೀನಿ ಅಂದ್ಲು. ಅವತ್ತೇ ಅರ್ಧ ದಿನ ರಜಾ ಹಾಕಿಸಿ ನಾನೇ ಜೋಡಿ ಹೋದೆ. ಬೆರಳು ಚುಚ್ಚಿದಾಗ ಮಷಿನ್ನು 96 ತೋರಿಸ್ತು, ನಾ ಎಷ್ಟೋ ಹೊತ್ತಿನಿಂದ ಹಿಡಿದಿದ್ದ ಉಸಿರು ಬಿಟ್ಟೆ. ಉಚ್ಚಿ ಟೆಸ್ಟಿನ್ಯಾಗ ಇನ್ಫೆಕ್ಷನ್ ಬಂತು, ಹೊಟ್ಟಿ ಮುಟ್ಟಿ ನೋಡಿ ಮಲಬದ್ಧತೆನೂ ಅದ ಅಂದ್ರು. ಡಾಕ್ಟರ್ ಹುಡುಗಿಗೆ ಕೇಳಿದ್ರು, "ಪುಟ್ಟಿ, ಸಾಲ್ಯಾಗ ಎಷ್ಟು ಸಲ ಒಂದಕ್ಕ ಹೋಗ್ತೀ?" ಹುಡುಗಿ ತಾಯಿ ಮುಖ ನೋಡಿ, "ಹೋಗಲ್ರಿ" ಅಂತು. "ಯಾಕ?" "ಬಾಗಲಕ್ಕ ಚಿಲಕ ಇಲ್ರಿ. ಹುಡುಗ್ರು ದೂಡ್ತಾರ್ರಿ." ಮುಂಜಾನಿ ಒಂಬತ್ತರಿಂದ ಸಂಜಿ ನಾಲ್ಕೂವರಿ ತನಕ ಆ ಕೂಸು ತಡ್ಕೊಂಡು ಕುಂದರ್ತಿತ್ತು, ಒಂದಕ್ಕ ಬರಬಾರದಂತ ನೀರೂ ಕುಡೀತಿದ್ದಿಲ್ಲ.

ಔಷಧ ಕೋರ್ಸ್ ಕೊಟ್ರು, ಮಲ ಮೆತ್ತಗಾಗಲಿಕ್ಕ ಒಂದು ಪುಡಿ, ಹಗಲು ನೀರು ಚೆಂದಗ ಕುಡಿ, ಎರಡು ಮೂರು ತಾಸಿಗೊಮ್ಮೆ ಹೋಗು ಅಂದ್ರು. ಶನಿವಾರ ಅರ್ಧ ದಿನ ಸಾಲಿ, ಅಕಿ ಗಂಡ ಹೆಡ್‌ಮೇಡಮ್ಮರನ್ನ ಕೇಳಿ ತಾನೇ ಡ್ರಿಲ್ ಮಷಿನ್ ಒಯ್ದು ಆ ಬಾಗಲಕ್ಕ ಒಳಗಿನಿಂದ ಒಂದು ಚಿಲಕ ಹಚ್ಚಿ ಬಂದ. ಬಾಜೂಕಿನ ಬಾಗಲಕ್ಕೂ ಇರಲಿಲ್ಲಂತ, ಅದಕ್ಕೂ ಒಂದು ಹಚ್ಚಿದ.